ಟಿಕೆಟ್ ತಗೊಂಡು ಆಡುವ ಒಂದು ಗಾಲ್ಫ್ ಮೈದಾನ ಕಲಬುರಗಿಗೂ ಬೇಕು

ಗೆ,
ಅಧ್ಯಕ್ಷರು, ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ, ಕಲಬುರಗಿ
ಹಾಗೂ
ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ ಜಿಲ್ಲೆ

ಮಾನ್ಯರೇ, ನಮಸ್ಕಾರ.

ನಾನು ಕಲಬುರಗಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಪಿ.ಟಿ. ಮಾಸ್ತರ. ನಮ್ಮ ಶಾಲೆಯ ಮೈದಾನದ ಹಿಂಬದಿಯಲ್ಲಿ, ಬೇವಿನ ಗಿಡದ ಆಚೆ, ಮೂರು ಕುಳಿಗಳಿವೆ. ನಾಲ್ಕು ಇಂಚಿನ ಪಿವಿಸಿ ಪೈಪನ್ನು ಗೇಣುದ್ದ ಕತ್ತರಿಸಿ, ನೆಲಕ್ಕೆ ಸಮವಾಗಿ ಹೂತಿದ್ದೇವೆ. ಗಾಲ್ಫ್ ಕುಳಿಯ ಅಗಲ ಜಗತ್ತಿನಲ್ಲೆಲ್ಲ ಒಂದೇ, 108 ಮಿಲಿಮೀಟರ್. ನಮ್ಮ ಪೈಪಿನ ಒಳ ಅಳತೆ ಅದಕ್ಕಿಂತ ಸ್ವಲ್ಪ ಕಡಿಮೆ. ಮಕ್ಕಳಿಗೆ ಅದರಿಂದ ಲಾಭವೇ ಆಗಿದೆ, ಕೈ ಹದವಾಗಿದೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಹನ್ನೊಂದು ಮಕ್ಕಳು ಅಲ್ಲಿ ಆಡುತ್ತಾರೆ. ಚೆಂಡು ಹೊಡೆಯಲು ಇರುವ ಸ್ಟಿಕ್‌ಗಳು ನಾಲ್ಕು. ಒಬ್ಬರು ಹೊಡೆದು ಇನ್ನೊಬ್ಬರ ಕೈಗೆ ಕೊಡಬೇಕು.

ಈ ಹನ್ನೊಂದು ಮಕ್ಕಳ ಪರವಾಗಿ ನಿಮ್ಮಿಬ್ಬರ ಮುಂದೆ ಒಂದು ಬೇಡಿಕೆ ಇಡುತ್ತಿದ್ದೇನೆ. ಕಲಬುರಗಿಯಲ್ಲಿ ಒಂಬತ್ತು ಹೋಲ್‌ಗಳ ಒಂದು ಸಾರ್ವಜನಿಕ ಗಾಲ್ಫ್ ಮೈದಾನ ಮಾಡಿಕೊಡಿ. ಹೋಲ್ ಅಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಒಂದು ಪಟ್ಟಿ ನೆಲ. ಎಷ್ಟು ಕಡಿಮೆ ಹೊಡೆತದಲ್ಲಿ ಚೆಂಡು ಕುಳಿಗೆ ಬಿತ್ತೋ ಅಷ್ಟು ಒಳ್ಳೆಯ ಆಟ. ನಾನು ಕ್ಲಬ್ ಕೇಳುತ್ತಿಲ್ಲ. ಈಜುಕೊಳಕ್ಕೆ ಹೋದ ಹಾಗೆ ಕೌಂಟರಿನಲ್ಲಿ ಟಿಕೆಟ್ ತಗೊಂಡು, ಯಾರು ಬೇಕಾದರೂ ಒಂದು ಸುತ್ತು ಆಡಿ ಮನೆಗೆ ಹೋಗುವ ಜಾಗ ಕೇಳುತ್ತಿದ್ದೇನೆ.

ಇದನ್ನು ಓದಿದ ಕೂಡಲೇ ನಿಮಗೆ ಏನನಿಸುತ್ತದೆ ಎಂದು ನನಗೆ ಗೊತ್ತು. ನಮ್ಮ ಓಣಿಯವರೂ ಅದನ್ನೇ ಕೇಳಿದರು. "ಮಾಸ್ತರ್ರ, ಕುಡಿಯೋ ನೀರಿಗೇ ತತ್ವಾರ ಅದ, ನೀವು ದೊಡ್ಡ ಮಂದಿ ಆಟ ಕೇಳ್ತೀರಲ್ರಿ?" ನಳದ ನೀರು ಬರುವ ದಿನ ಇಡೀ ಓಣಿ ನಿದ್ದೆಗೆಟ್ಟು ಕೂರುವ ಊರು ನಮ್ಮದು. ಅವರ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ನಾನು ಈ ಆಟಕ್ಕೆ ಹೇಗೆ ಬಂದೆ ಅಂತ ಹೇಳದೆ ಆ ಉತ್ತರ ನಿಮಗೆ ಪೂರ್ತಿ ಅರ್ಥವಾಗುವುದಿಲ್ಲ.

ನಮ್ಮದು ಚಿತ್ತಾಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮಳೆ ಕೈಕೊಟ್ಟ ವರ್ಷ ಅಪ್ಪ, ಅವ್ವ ನಮ್ಮನ್ನೆಲ್ಲ ಕಟ್ಟಿಕೊಂಡು ದುಡಿಯಲು ಬೆಂಗಳೂರಿಗೆ ಹೋದರು. ಅಪ್ಪ ಗೌಂಡಿ. ಅವ್ವ ಸಿಮೆಂಟ್ ಬುಟ್ಟಿ ಹೊರುತ್ತಿದ್ದಳು. ಒಂದು ಸಲ ಅಪ್ಪನಿಗೆ ಒಂದು ಗಾಲ್ಫ್ ಕ್ಲಬ್ಬಿನ ಕಂಪೌಂಡ್ ಗೋಡೆ ಎತ್ತರಿಸುವ ಕೆಲಸ ಸಿಕ್ಕಿತು. ಮಧ್ಯಾಹ್ನ ನಾನು ಬುತ್ತಿ ತಗೊಂಡು ಹೋಗುತ್ತಿದ್ದೆ. ಅರ್ಧ ಎದ್ದ ಗೋಡೆಯ ಮೇಲೆ ಕೂತು ನೋಡಿದರೆ ಆಚೆ ಕಣ್ಣು ಹಾಯುವವರೆಗೂ ಹಸಿರು. ನಮ್ಮ ಊರಿನ ಹೊಲ ಒಣಗಿದ್ದನ್ನು ನೋಡಿ ಬಂದ ಕಣ್ಣು ಅದು. ಅಷ್ಟು ಹಸಿರನ್ನು ಸುಮ್ನೆ ಒಂದು ಚೆಂಡು ಹೊಡೆಯಲು ಇಟ್ಟಿದ್ದಾರೆ ಅಂತ ನಂಬಲು ನನಗೆ ಬಹಳ ದಿನ ಹಿಡಿಯಿತು.

ಹದಿನಾಲ್ಕು ತುಂಬಿದ ಮೇಲೆ ಅದೇ ಗೋಡೆಯ ಒಳಗೆ ಕ್ಯಾಡಿಯಾಗಿ ಸೇರಿದೆ. ಶನಿವಾರ, ಭಾನುವಾರ ಕೆಲಸ, ಉಳಿದ ದಿನ ಶಾಲೆ. ಕ್ಯಾಡಿ ಅಂದರೆ ಆಟಗಾರರ ಬ್ಯಾಗ್ ಹೊರುವವನು. ಒಬ್ಬರ ಬ್ಯಾಗಿನಲ್ಲಿ ನಿಯಮದ ಪ್ರಕಾರ 14 ಸ್ಟಿಕ್‌ವರೆಗೆ ಇರಬಹುದು. ಅದನ್ನು ಹೆಗಲಿಗೆ ಹಾಕಿಕೊಂಡು ಹದಿನೆಂಟು ಹೋಲ್ ನಡೆದರೆ ಆರೇಳು ಕಿಲೋಮೀಟರ್ ಆಗುತ್ತದೆ. ಕಣ್ಣು ಚೆಂಡಿನ ಮೇಲೆಯೇ ಇರಬೇಕು. ಬಿದ್ದ ಜಾಗ ತಪ್ಪಿದರೆ ಬೈಗುಳ. ಗಾಳಿ ಯಾವ ಕಡೆ ಬೀಸುತ್ತಿದೆ, ನೆಲ ಎಲ್ಲಿ ಇಳಿಜಾರು, ಇಲ್ಲಿಂದ ಏಳನೇ ನಂಬರ್ ಐರನ್ (ಲೋಹದ ತಲೆಯ ಸ್ಟಿಕ್) ಸಾಕಾ, ಇನ್ನೂ ದೂರ ಹೊಡೆಯುವ ಆರನೇದು ಬೇಕಾ, ಎಲ್ಲವೂ ಎರಡು ವರ್ಷದಲ್ಲಿ ನನ್ನ ಕಾಲಿಗೇ ಗೊತ್ತಾಗಿತ್ತು. ಆದರೆ ಆಟ ಆಡುವಂತಿರಲಿಲ್ಲ. ಮೈದಾನಕ್ಕೆ ಸೋಮವಾರ ರಜೆ. ಅಂದು ಹಿರಿಯ ಕ್ಯಾಡಿಗಳಿಗೆ ಆಡಲು ಬಿಡುತ್ತಿದ್ದರು. ನಮ್ಮಂಥ ಹುಡುಗರಿಗೆ ಅದೂ ಇರಲಿಲ್ಲ.

ಒಂದು ಭಾನುವಾರ ಸಂಜೆ ಎಲ್ಲರೂ ಹೋದ ಮೇಲೆ, ಚೆಂಡನ್ನು ಕುಳಿಗೆ ಉರುಳಿಸುವ ಸ್ಟಿಕ್ಕಾದ, ಮುರಿದ ಒಂದು ಪಟರ್‌ಗೆ ಸೈಕಲ್ ಟ್ಯೂಬ್ ಸುತ್ತಿಕೊಂಡು, ಕೊನೆಯ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಗಳದ ಮೇಲೆ ಹತ್ತು ನಿಮಿಷ ಆಡಿದೆ. ಆ ಹುಲ್ಲು ರೇಷ್ಮೆ ಇದ್ದಂತಿತ್ತು. ಚೆಂಡು ಸದ್ದೇ ಇಲ್ಲದೆ ಉರುಳಿತು. ನಾಲ್ಕನೇ ಸಲ ಕುಳಿಗೆ ಬಿತ್ತು. ಟೊಕ್ ಎಂಬ ಆ ಸದ್ದು ಈಗಲೂ ಕಿವಿಯಲ್ಲಿದೆ. ಬೆನ್ನ ಹಿಂದೆ ಸೂಪರ್‌ವೈಸರ್ ನಿಂತಿದ್ದ. ಪಟರ್ ಕಿತ್ತುಕೊಂಡ. ಒಂದು ವಾರ ಒಳಗೆ ಬರಬೇಡ ಎಂದ. ಆ ವಾರದ ದುಡಿಮೆ ಹೋಯಿತು. ಅವ್ವನಿಗೆ ನಿಜ ಹೇಳಲು ಆಗಲಿಲ್ಲ, ಜ್ವರ ಎಂದೆ. ಆ ಕ್ಲಬ್ಬಿನ ಮೇಲೆ ಇವತ್ತು ನನಗೆ ಸಿಟ್ಟಿಲ್ಲ. ಅದು ಅವರ ಜಾಗ, ಅವರ ನಿಯಮ. ನನಗಿದ್ದ ದುಃಖ ಒಂದೇ. ಅಷ್ಟು ದೊಡ್ಡ ಊರಿನಲ್ಲಿ ನಾನು ಆಡಬಹುದಾದ ಜಾಗ ಎಲ್ಲಿಯೂ ಇರಲಿಲ್ಲ.

ಕೆಲ ವರ್ಷಗಳ ಮೇಲೆ ಊರಿಗೆ ವಾಪಸ್ ಬಂದೆ. ಓದು ಮುಗಿಸಿ ಮಾಸ್ತರನಾದೆ. 2009ರಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ಬೆಂಗಳೂರಿನ ಸಿ. ಮುನಿಯಪ್ಪ ಇಂಡಿಯನ್ ಓಪನ್ ಗೆದ್ದಿದ್ದರು. ದೇಶದ ದೊಡ್ಡ ಗಾಲ್ಫ್ ಟೂರ್ನಿ ಅದು. ಮುನಿಯಪ್ಪ ಕ್ಯಾಡಿಯಾಗಿ ಬ್ಯಾಗ್ ಹೊತ್ತು ಬೆಳೆದವರು. ಆ ಪೇಪರ್ ತುಂಡನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಒಬ್ಬ ಮುನಿಯಪ್ಪ ಹೇಗೋ ಗೋಡೆ ದಾಟಿದರು. ದಾಟಲು ಆಗದೇ ಹೋದ ಹುಡುಗರು ಎಷ್ಟು ಮಂದಿ ಅಂತ ಬ್ಯಾಗ್ ಹೊತ್ತವರಿಗೆ ಗೊತ್ತು.

ಈಗ ದೆಹಲಿಯ ಮಾತು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ಒಂದು ಕ್ರೀಡಾಕೂಟಕ್ಕೆ ಅಲ್ಲಿಗೆ ಹೋಗಿದ್ದೆ. ಕೂಟ ಮುಗಿದ ಮಾರನೇ ದಿನ ಬಿಡುವಿತ್ತು. ಅಲ್ಲಿ ಕೆಲಸದಲ್ಲಿರುವ ನಮ್ಮೂರಿನ ಗೆಳೆಯನೊಬ್ಬ, "ಬಾರಪ್ಪ, ನಿನಗೊಂದು ಜಾಗ ತೋರಸ್ತೀನಿ" ಎಂದು ಲಾಡೋ ಸರಾಯ್‌ಗೆ ಕರೆದೊಯ್ದ. ಅಲ್ಲಿರುವುದು ಕುತುಬ್ ಗಾಲ್ಫ್ ಕೋರ್ಸ್. ದೇಶದ ಮೊದಲ ಸಾರ್ವಜನಿಕ ಗಾಲ್ಫ್ ಮೈದಾನ ಅಂತ ಅದಕ್ಕೆ ಹೆಸರು. ಅದನ್ನು ಕಟ್ಟಿ ನಡೆಸುತ್ತಿರುವುದು ದೆಹಲಿ ಅಭಿವೃದ್ಧಿ ಪ್ರಾಧಿಕಾರ. ಭಲಸ್ವಾದಲ್ಲಿ ಇನ್ನೊಂದನ್ನೂ ಅವರೇ ನಡೆಸುತ್ತಾರೆ. ದಯವಿಟ್ಟು ಇದನ್ನು ಗಮನಿಸಿ ಮಾನ್ಯರೇ. ಮನೆ ಕಟ್ಟಿ, ಸೈಟ್ ಹಂಚುವ ಒಂದು ಸರ್ಕಾರಿ ಪ್ರಾಧಿಕಾರ ಅದು. ಅಂಥ ಪ್ರಾಧಿಕಾರ ನಮ್ಮಲ್ಲೂ ಇದೆ ಅಲ್ವಾ?

ಕೌಂಟರಿನಲ್ಲಿ ನನ್ನನ್ನು ಯಾರ ಪೈಕಿ, ಯಾವ ಕ್ಲಬ್ಬಿನ ಸದಸ್ಯ ಅಂತ ಕೇಳಲಿಲ್ಲ. ಮೊದಲು ಆಡಿದ್ದೀರಾ ಎಂದರು. ಹೌದು ಎಂದೆ. ದುಡ್ಡು ಕಟ್ಟಿದೆ, ರಶೀದಿ ಕೊಟ್ಟರು. ಗೆಳೆಯ ತನ್ನ ಸ್ಟಿಕ್‌ಗಳನ್ನು ಕೊಟ್ಟ. ನಮ್ಮ ಜೊತೆ ಗುರುತಿಲ್ಲದ ಇಬ್ಬರನ್ನು ಸೇರಿಸಿದರು. ಒಬ್ಬರು ರೈಲ್ವೆಯಲ್ಲಿ ನಿವೃತ್ತರಾದ ಹಿರಿಯರು, ಇನ್ನೊಬ್ಬ ಕಾಲೇಜು ಹುಡುಗ. ನಾಲ್ಕು ತಾಸು ನಾವು ನಾಲ್ವರೂ ಒಟ್ಟಿಗೆ ನಡೆದೆವು. ಹಿರಿಯರು ದೂರ ಹೊಡೆಯುತ್ತಿರಲಿಲ್ಲ, ಆದರೆ ಒಂದು ಚೆಂಡೂ ದಾರಿ ಬಿಡಲಿಲ್ಲ. ಹುಡುಗ ಆಕಾಶಕ್ಕೆ ಹೊಡೆದು ಪೊದೆಯಲ್ಲಿ ಹುಡುಕುತ್ತಿದ್ದ. ಒಬ್ಬರ ಚೆಂಡನ್ನು ಎಲ್ಲರೂ ಹುಡುಕಿದೆವು.

ಮೊದಲ ಹೊಡೆತಕ್ಕೆ ನಿಂತಾಗ ನನ್ನ ಕೈ ನಡುಗುತ್ತಿತ್ತು. ಚೆಂಡನ್ನು ಟೀ ಎಂಬ ಸಣ್ಣ ಮೊಳೆಯ ಮೇಲೆ ಇಡಲು ಮೂರು ಸಲ ಬಗ್ಗಬೇಕಾಯಿತು. ಅಷ್ಟು ವರ್ಷ ಇನ್ನೊಬ್ಬರ ಬ್ಯಾಗ್ ಹೊತ್ತು, ಅವರ ಹಿಂದೆ ನಿಂತು, ಉಸಿರು ಬಿಗಿಹಿಡಿದು ನೋಡಿದ ಹೊಡೆತ ಅದು. ನಾನೇ ಮುಂದೆ ನಿಂತಿದ್ದೆ. ಹಿಂದೆ ಉಳಿದ ಮೂವರೂ ಮಾತು ನಿಲ್ಲಿಸಿ, ನನಗಾಗಿ ಸುಮ್ಮನಾದರು. ಗಾಲ್ಫಿನಲ್ಲಿ ಇದೊಂದು ಮರ್ಯಾದೆ. ಯಾರೇ ಹೊಡೆಯಲಿ, ಉಳಿದವರು ಅಲುಗಾಡುವುದಿಲ್ಲ. ನನ್ನಂಥವನ ಸಲುವಾಗಿ ಯಾರಾದರೂ ಹಾಗೆ ಸುಮ್ಮನೆ ನಿಂತಿದ್ದು ಅದೇ ಮೊದಲು. ಹೊಡೆದೆ. ಚೆಂಡು ಸ್ವಲ್ಪ ಬಲಕ್ಕೆ ವಾಲಿ ಹುಲ್ಲಿನ ಅಂಚಿನಲ್ಲಿ ಬಿತ್ತು. ಹಿರಿಯರು "ಬಹುತ್ ಅಚ್ಛಾ" ಎಂದರು. ಚಳಿಯ ಬಿಸಿಲಿನಲ್ಲಿ, ಗಿಡಗಳ ಮೇಲೆ ಕುತುಬ್ ಮಿನಾರ್ ಕಾಣುತ್ತಿತ್ತು.

ಒಟ್ಟು 103 ಹೊಡೆತ ಆಯಿತು. ಚೀಟಿಯಲ್ಲಿ ಬರೆದುಕೊಂಡೆ. ಹೊರಗೆ ಬಂದು ಚಹಾ ಕುಡಿಯುವಾಗ ಗೆಳೆಯನ ಮುಂದೆ ಕಣ್ಣೀರು ತಡೆಯಲಾಗಲಿಲ್ಲ. ಆ ಟಿಕೆಟ್ ನಮ್ಮ ಕಲಬುರಗಿಯ ಬಡವರಿಗೆ ಅಗ್ಗ ಅಂತ ನಾನು ಹೇಳುವುದಿಲ್ಲ. ಅದು ಹುಲ್ಲು ಬೆಳೆಸಿದ ಹದಿನೆಂಟು ಹೋಲ್‌ಗಳ ದೊಡ್ಡ ಮೈದಾನ, ಖರ್ಚೂ ದೊಡ್ಡದು. ಆದರೆ ಬಾಗಿಲು ತೆರೆದಿತ್ತು. ನಾನು ಕೇಳುತ್ತಿರುವುದು ಅದಕ್ಕಿಂತ ಬಹಳ ಸಣ್ಣದು, ಬಹಳ ಅಗ್ಗದ್ದು.

ಇನ್ನು ನೀರಿನ ಪ್ರಶ್ನೆ. ಗಾಲ್ಫಿಗೆ ಹುಲ್ಲು ಬೇಕೇ ಬೇಕು ಅಂತ ಬಹಳ ಮಂದಿ ತಿಳಿದಿದ್ದಾರೆ. ಬೇಕಿಲ್ಲ. ನೀರು ಕಡಿಮೆ ಇರುವ ಕಡೆ ಕುಳಿಯ ಸುತ್ತ ಹುಲ್ಲಿನ ಗ್ರೀನ್ ಬದಲು ಮರಳಿನ ಅಂಗಳ ಮಾಡುತ್ತಾರೆ. ಅದಕ್ಕೆ ಬ್ರೌನ್ ಎಂದೇ ಹೆಸರು. ನಮ್ಮ ದೇಶದ ಎಷ್ಟೋ ಸಣ್ಣ ಮೈದಾನಗಳಲ್ಲಿ ಬ್ರೌನ್ ಮೇಲೆಯೇ ಆಡಿದ್ದಾರೆ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಕೂಬರ್ ಪೀಡಿ ಅಂತ ಒಂದು ಗಣಿ ಊರಿದೆ. ಬಿಸಿಲಿಗೆ ಹೆದರಿ ಜನ ನೆಲದೊಳಗೆ ಮನೆ ಕೊರೆದುಕೊಂಡಿರುವ ಊರು. ಅಲ್ಲಿನ ಗಾಲ್ಫ್ ಮೈದಾನದಲ್ಲಿ ಹುಲ್ಲಿನ ಒಂದು ಎಸಳೂ ಇಲ್ಲ. ಆಟಗಾರರು ಅಂಗೈಯಗಲ ಹುಲ್ಲುಹಾಸಿನ ತುಂಡನ್ನು ಜೊತೆಗೇ ಒಯ್ದು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ. ಅವರಿಗಿಂತ ನಮ್ಮ ಮಳೆ ಎಷ್ಟೋ ಮೇಲು.

ಬ್ರೌನ್ ಮಾಡುವುದು ಕಷ್ಟವಿಲ್ಲ. ನೆಲ ಗಟ್ಟಿ ಮಾಡಿ, ಜರಡಿ ಹಿಡಿದ ಮರಳನ್ನು ತೆಳ್ಳಗೆ ಹರಡಿ, ರೋಲರ್ ಎಳೆಯಬೇಕು. ಹಿಂದೆ ಮರಳು ಹಾರದಿರಲಿ ಅಂತ ಎಣ್ಣೆ ಕಲಸುತ್ತಿದ್ದರು. ನಮಗೆ ಎಣ್ಣೆ ಬೇಡ, ಮಣ್ಣು ಕೆಡುತ್ತದೆ. ಬೆಳಿಗ್ಗೆ ನಾಲ್ಕು ಕೊಡ ನೀರು ಚಿಮುಕಿಸಿದರೆ ಆ ಹೊತ್ತಿನ ಆಟಕ್ಕೆ ಸಾಕು. ನಾವು ಶಾಲೆಯಲ್ಲಿ ಮಾಡುವುದೂ ಅದನ್ನೇ. ಆಡಿ ಮುಗಿಸಿದವರು ಹೆಜ್ಜೆ ಗುರುತು ಅಳಿಸಲು ಗೋಣಿಚೀಲ ಕಟ್ಟಿದ ಹಲಗೆಯನ್ನು ಒಂದು ಸುತ್ತು ಎಳೆದು, ಮುಂದಿನವರಿಗೆ ಅಂಗಳ ಒಪ್ಪ ಮಾಡಿ ಕೊಡುತ್ತಾರೆ. ಅವ್ವ ಬಾಗಿಲ ಮುಂದೆ ಥಳಿ ಹೊಡೆದು ಕಸ ಗುಡಿಸಿದ ಹಾಗೆಯೇ ಇರುತ್ತದೆ ನೋಡಲು. ಚೆಂಡು ಅದರ ಮೇಲೆ ಸಣ್ಣ ಗೆರೆ ಎಳೆಯುತ್ತಾ ಹೋಗುತ್ತದೆ. ಎಲ್ಲಿ ತಪ್ಪಿದೆ ಅಂತ ಮಗು ಆ ಗೆರೆಯನ್ನು ನೋಡಿ ತಾನೇ ತಿಳಿದುಕೊಳ್ಳುತ್ತದೆ. ಹುಲ್ಲಿನ ಮೇಲೆ ಈ ಪಾಠ ಸಿಗುವುದಿಲ್ಲ.

ಮೈದಾನದ ಉಳಿದ ಭಾಗಕ್ಕೆ ಮಳೆಗಾಲದಲ್ಲಿ ತಾನಾಗಿ ಬರುವ ಹುಲ್ಲೇ ಸಾಕು. ಬೇಸಿಗೆಯಲ್ಲಿ ಒಣಗಲಿ. ಭೀಮಾ ನದಿಯದ್ದಾಗಲಿ, ಬೆಣ್ಣೆತೊರೆಯದ್ದಾಗಲಿ, ಕುಡಿಯುವ ನೀರಿನ ಒಂದು ಹನಿಯೂ ಇದಕ್ಕೆ ಹೋಗಬಾರದು. ಗಿಡಗಳಿಗೆ ಮಾತ್ರ ಶುದ್ಧೀಕರಿಸಿದ ಚರಂಡಿ ನೀರು ಕೊಡಿ. ಬೇವು, ಹೊಂಗೆ, ಹುಣಸೆ ಮೂರು ವರ್ಷ ಬದುಕಿದರೆ ಆಮೇಲೆ ತಮ್ಮ ಪಾಡಿಗೆ ತಾವು ಬೆಳೆಯುತ್ತವೆ.

ಜಾಗದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ತಪ್ಪಾಗುವುದು ಇಲ್ಲಿಯೇ. ಎರಿ ಭೂಮಿ ಬೇಡ. ಅದು ತೊಗರಿ ಬೆಳೆಯುವ ನೆಲ. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಂಥ ನೆಲದಲ್ಲಿ ಒಂದು ಗುಂಟೆಯನ್ನೂ ಯಾವ ರೈತನಿಂದಲೂ ಆಟಕ್ಕಾಗಿ ತಗೊಳ್ಳಬಾರದು. ಆಟಕ್ಕೂ ಆ ಮಣ್ಣು ಹೊಂದುವುದಿಲ್ಲ. ಮಳೆ ಬಿದ್ದರೆ ಚಪ್ಪಲಿಗೆ ಎರಡೆರಡು ಕೆ.ಜಿ. ಅಂಟುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಚೆಂಡಿನ ಅಡ್ಡಳತೆ 43 ಮಿಲಿಮೀಟರಿಗಿಂತ ಒಂಚೂರು ಕಡಿಮೆ. ನನ್ನ ಹಳ್ಳಿಯ ಹೊಲದಲ್ಲಿ ಆಡಲು ಹೋಗಿ ಮೂರು ಚೆಂಡುಗಳನ್ನು ಬಿರುಕಿನಲ್ಲಿ ಕಳೆದುಕೊಂಡಿದ್ದೇನೆ. ನಮಗೆ ಬೇಕಾದ್ದು ಮಡ್ಡಿ. ಗರಸು ಮಣ್ಣಿನ, ಕಲ್ಲು ಹರಳಿನ, ಏನೂ ಬೆಳೆಯದ ಸರ್ಕಾರಿ ಮಡ್ಡಿ. ಶಹಾಬಾದ್, ಚಿತ್ತಾಪುರ ಕಡೆ ಕಲ್ಲು ತೆಗೆದು ಬಿಟ್ಟ ಗಣಿಗಳ ಪಕ್ಕದ ನೆಲವೂ ಆಗಬಹುದು. ಆದರೆ ಗುಂಡಿಗಳಿಗೆ ಗಟ್ಟಿ ಬೇಲಿ ಇರಬೇಕು, ಮಕ್ಕಳು ಬರುವ ಜಾಗ. ಕೋಟೆಯ ಸುತ್ತಮುತ್ತ ಮಾಡೋಣ ಅಂತ ಕೆಲವರು ನನಗೆ ಹೇಳಿದ್ದಾರೆ. ಅದು ಖಂಡಿತ ಬೇಡ. ಆ ಗೋಡೆಗಳ ಹತ್ತಿರ ಚೆಂಡು ಹಾರಬಾರದು.

ದೊಡ್ಡ ಮೈದಾನಕ್ಕೆ ನೂರೈವತ್ತು ಎಕರೆವರೆಗೂ ಬೇಕಾಗುತ್ತದೆ. ನಾನು ಕೇಳುತ್ತಿರುವ ಮೈದಾನಕ್ಕೆ ಹದಿನೈದರಿಂದ ಇಪ್ಪತ್ತು ಎಕರೆ ಸಾಕು. ಒಂಬತ್ತು ಹೋಲ್, ಪ್ರತಿಯೊಂದೂ ನೂರು ಮೀಟರಿನ ಆಸುಪಾಸು. ಎಲ್ಲವೂ ಪಾರ್ ಮೂರು, ಅಂದರೆ ಚೆನ್ನಾಗಿ ಆಡುವವರು ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್‌ಗಳು. ಒಂದು ಸುತ್ತಿಗೆ ಒಂದೂವರೆ ತಾಸು. ಶಾಲೆಗೆ ಹೋಗುವ ಮಕ್ಕಳಿಗೆ, ಡ್ಯೂಟಿಗೆ ಹೋಗುವವರಿಗೆ ಅಷ್ಟೇ ಸಮಯ ಇರುವುದು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಎಂಟು ಗಂಟೆಯ ಮೇಲೆ ಯಾರೂ ಹೊರಗೆ ನಿಲ್ಲಲಾರರು. ಬೆಳಿಗ್ಗೆ ಐದೂವರೆಗೆ ಗೇಟ್ ತೆಗೆಯಬೇಕು, ಸಂಜೆ ಮತ್ತೆ ಐದೂವರೆಗೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ದಿನವಿಡೀ ಆಡಬಹುದು.

ಹದಿನಾಲ್ಕು ಸ್ಟಿಕ್ ಕೊಳ್ಳುವ ಶಕ್ತಿ ಯಾರಿಗಿದೆ? ಅದು ಬೇಕಾಗಿಯೂ ಇಲ್ಲ. ಇಂಥ ಮೈದಾನಕ್ಕೆ ಒಬ್ಬರಿಗೆ ಮೂರು ಸಾಕು. ಒಂದು ಏಳನೇ ನಂಬರ್ ಐರನ್, ಹತ್ತಿರಕ್ಕೆ ಚೆಂಡು ಎತ್ತಿ ಹೊಡೆಯಲು ಒಂದು ವೆಜ್, ಒಂದು ಪಟರ್. ಅಂಥ ಇಪ್ಪತ್ತು ಜೋಡಣೆ ಕೌಂಟರಿನಲ್ಲಿಟ್ಟು, ಆಧಾರ್ ಕಾರ್ಡ್ ನೋಡಿ ಬಾಡಿಗೆಗೆ ಕೊಡಿ. ಎಡಗೈಯವರಿಗೂ, ಸಣ್ಣ ಮಕ್ಕಳಿಗೂ ಕೆಲವು ಇರಲಿ. ಟಿಕೆಟ್ ದೊಡ್ಡವರಿಗೆ 50 ರೂಪಾಯಿ, ಶಾಲಾ ಮಕ್ಕಳಿಗೆ 10 ರೂಪಾಯಿ ಇಟ್ಟರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಪೂರ್ತಿ ಪುಕ್ಕಟೆ ಬೇಡ. ಟಿಕೆಟ್ ಕೊಂಡವನಿಗೆ ಆ ನೆಲದ ಮೇಲೆ ಹಕ್ಕಿರುತ್ತದೆ, ಅವನನ್ನು ಯಾರೂ ಎಬ್ಬಿಸಲಾರರು. ಕಾಲರ್ ಇರುವ ಅಂಗಿ ಹಾಕಬೇಕು, ಇಂಥ ಬೂಟೇ ಬೇಕು ಎಂಬ ಕ್ಲಬ್ಬಿನ ನಿಯಮಗಳು ಇಲ್ಲಿಗೆ ಬರಬಾರದು. ಪೈಜಾಮ, ಚೂಡಿದಾರ, ಬುರ್ಖಾ, ಧೋತರ, ಯಾವುದರಲ್ಲಿ ಬಂದರೂ ಆಡಲಿ.

ಒಂದು ಹೆದರಿಕೆ ನನಗಿದೆ, ಅದನ್ನು ಬಾಯಿಬಿಟ್ಟು ಹೇಳುತ್ತೇನೆ. ಸರ್ಕಾರದ ಜಾಗದಲ್ಲಿ ಶುರುವಾದ ಎಷ್ಟೋ ಕೆಲಸ ಮೆಲ್ಲಗೆ ಕೆಲವರ ಕೈಗೆ ಹೋಗುತ್ತದೆ. ಮೊದಲು ನಿರ್ವಹಣೆಗೆ ಅಂತ ಒಂದು ಸಮಿತಿ, ಆಮೇಲೆ ಸಮಿತಿಗೆ ಸದಸ್ಯರು, ಆಮೇಲೆ ಸದಸ್ಯರಿಗೆ ಮಾತ್ರ ಭಾನುವಾರ. ಆದ್ದರಿಂದ ಆದೇಶದಲ್ಲಿಯೇ ಬರೆಯಿರಿ. ಸದಸ್ಯತ್ವ ಇರುವುದಿಲ್ಲ, ಲೀಸ್ ಇರುವುದಿಲ್ಲ, ಬಾರ್ ಇರುವುದಿಲ್ಲ, ಯಾವ ಅಧಿಕಾರಿಗೂ ಕಾದಿಟ್ಟ ಸಮಯ ಇರುವುದಿಲ್ಲ. ಟಿಕೆಟ್ ದರವನ್ನು ಮಂಡಳಿ ಮಾತ್ರ ಬದಲಿಸಬಹುದು ಅಂತ ಇರಲಿ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರನ್ನು ಈ ಆಟದ ತವರು ಎನ್ನುತ್ತಾರೆ. ಅಲ್ಲಿನ ಹಳೆಯ ಮೈದಾನದಲ್ಲಿ ಮೊದಲು 22 ಹೋಲ್ ಆಡುತ್ತಿದ್ದರು. 1764ರಲ್ಲಿ ಅದನ್ನು 18ಕ್ಕೆ ಇಳಿಸಿದರು, ಮುಂದೆ ಜಗತ್ತೆಲ್ಲ ಅದನ್ನೇ ಪಾಲಿಸಿತು. ಆ ನೆಲ ಯಾವ ಕ್ಲಬ್ಬಿನದೂ ಅಲ್ಲ, ಊರಿನದು. ಕಾಯ್ದೆಯ ಮೂಲಕ ಒಂದು ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಭಾನುವಾರ ಅಲ್ಲಿ ಆಟವಿಲ್ಲ. ಊರಿನ ಮಂದಿ ಮಕ್ಕಳು ಮರಿ ಕಟ್ಟಿಕೊಂಡು ಅದೇ ಹುಲ್ಲಿನ ಮೇಲೆ ತಿರುಗಾಡುತ್ತಾರೆ. ಮಕ್ಕಳಿಗೆ, ಹೊಸಬರಿಗೆ ಅಂತಲೇ ಪಕ್ಕದಲ್ಲಿ ಒಂಬತ್ತು ಹೋಲ್‌ಗಳ ಒಂದು ಸಣ್ಣ ಮೈದಾನ ಇದೆ. ಒಂದು ಕಾಲಕ್ಕೆ ಕುರಿ ಮೇಯುತ್ತಿದ್ದ ಸಮುದ್ರದಂಡೆಯ ನೆಲ ಅದು. ನಮ್ಮ ಮಡ್ಡಿಯಲ್ಲೂ ಕುರಿ ಮೇಯಲಿ. ಚಳಿಗಾಲ ಬಿಟ್ಟರೆ ಮಧ್ಯಾಹ್ನದ ಬಿಸಿಲಲ್ಲಿ ಆಟಗಾರರು ಇರುವುದಿಲ್ಲ, ಕುರಿಗಳಿಗೆ ಬಿಡಿ. ಹುಲ್ಲು ಕತ್ತರಿಸುವ ಯಂತ್ರದ ಖರ್ಚು ಉಳಿಯುತ್ತದೆ, ಕುರುಬರ ದಾರಿಯೂ ತಪ್ಪುವುದಿಲ್ಲ.

ಸಿಂಥೆಟಿಕ್ ಟ್ರ್ಯಾಕ್ ಹಾಸಲು ಕೋಟಿಗಟ್ಟಲೆ ಹಣ ಬೇಕು. ಅದೂ ಬೇಕು, ಬೇಡ ಅನ್ನುವುದಿಲ್ಲ. ಇದಕ್ಕೆ ಬೇಕಾದ್ದು ನೆಲ, ಬೇಲಿ, ಮರಳು, ಒಂದು ಶೆಡ್ಡು, ಕುಡಿಯುವ ನೀರಿನ ತೊಟ್ಟಿ, ಹೆಣ್ಣುಮಕ್ಕಳಿಗೆ ಶೌಚಾಲಯ, ಐದಾರು ಮಂದಿ ಕೆಲಸದವರು. ದುಡಿಯಲು ಬೆಂಗಳೂರಿಗೆ ಹೋಗಿ ಗಾಲ್ಫ್ ಮೈದಾನಗಳಲ್ಲಿ ಹುಲ್ಲು ಕೊಯ್ದು, ಮರಳು ಎಳೆದು ಬಂದವರು ನಮ್ಮ ಕಡೆ ಇದ್ದಾರೆ. ಅವರನ್ನೇ ಕರೆಯಿರಿ, ಕೆಲಸ ಗೊತ್ತಿದೆ.

2021ರ ಆಗಸ್ಟ್ 7 ನಿಮಗೂ ನೆನಪಿರುತ್ತದೆ. ಆ ದಿನ ಸಂಜೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಚಿನ್ನ ಗೆದ್ದರು. ಊರೆಲ್ಲ ಪಟಾಕಿ. ಅದೇ ದಿನ ಬೆಳಿಗ್ಗೆ ಇನ್ನೊಂದು ಆಟ ಮುಗಿದಿತ್ತು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಗಾಲ್ಫಿನಲ್ಲಿ ನಾಲ್ಕನೇ ಸ್ಥಾನ ಪಡೆದರು. ಕಂಚಿಗೂ ಅವರಿಗೂ ನಡುವೆ ಇದ್ದದ್ದು ಒಂದೇ ಒಂದು ಹೊಡೆತ. ಆಗ ಶಾಲೆ ಮುಚ್ಚಿತ್ತು. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಕೇಳಿದರು. "ಸರ್, ಗಾಲ್ಫ್ ಅಂದ್ರ ಏನ್ರಿ? ಆ ಅಕ್ಕ ಎಲ್ಲಿ ಕಲ್ತಾಳ್ರಿ? ನಮ್ಮೂರಾಗ ಎಲ್ಲಿ ಅದರಿ?" ಮೊದಲ ಪ್ರಶ್ನೆಗೆ ಉತ್ತರಿಸಿದೆ. ಎರಡನೆಯದಕ್ಕೂ ಉತ್ತರಿಸಿದೆ, ಐದಾರು ವರ್ಷದವಳಿದ್ದಾಗಲೇ ಬೆಂಗಳೂರಿನಲ್ಲಿ ಶುರು ಮಾಡಿದರು ಅಂತ. ಮೂರನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಶಾಲೆ ತೆರೆದ ವಾರ ಪೈಪ್ ತಂದು ಹೂತೆ.

ಮೊದಲ ದಿನ ನಿಯಮ ಹೇಳಿಕೊಟ್ಟಾಗ ಒಬ್ಬ ಹುಡುಗ ಕೇಳಿ, ಸ್ವಲ್ಪ ಯೋಚಿಸಿ, "ಸರ್, ಇದು ಚಿನ್ನಿ ದಾಂಡು ಮತ್ತ ಗೋಲಿ ಎರಡೂ ಕೂಡಿಸಿದಂಗ ಅದರಿ" ಎಂದ. ನನ್ನ ಇಷ್ಟು ವರ್ಷದ ತಿಳಿವಳಿಕೆಯಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಗಾಲ್ಫನ್ನು ವಿವರಿಸಿಲ್ಲ. ದೂರ ಹೊಡೆಯುವುದು ಅವರಿಗೆ ದಾಂಡಿನಿಂದ ಗೊತ್ತು, ಕುಳಿಗೆ ಉರುಳಿಸುವುದು ಗೋಲಿಯಿಂದ ಗೊತ್ತು. ಇದು ದೊಡ್ಡ ಮಂದಿ ಆಟ ಅಂತ ಆ ಮಕ್ಕಳಿಗೆ ಇನ್ನೂ ಯಾರೂ ಹೇಳಿಲ್ಲ. ಹೇಳುವ ಮೊದಲೇ ಮೈದಾನ ಆಗಬೇಕು ಎಂಬುದು ನನ್ನ ಆಸೆ.

ಅವರಲ್ಲಿ ಒಬ್ಬ ಹುಡುಗಿ ಒಂಬತ್ತನೇ ತರಗತಿ. ತಂದೆ ದಾಲ್ ಮಿಲ್‌ನಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಆಕೆ ಸ್ಟಿಕ್ ಎತ್ತುವಾಗ ತಲೆ ಅಲುಗುವುದಿಲ್ಲ. ಇದನ್ನು ಕಲಿಸಲು ಕೋಚ್‌ಗಳು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಾನು ಕಲಿಸಲಿಲ್ಲ, ಆಕೆಗೆ ಹುಟ್ಟಿನಿಂದ ಬಂದಿದೆ. ನಮ್ಮ ಶಾಲೆಯ ಮೈದಾನದ ಉದ್ದ ಎಪ್ಪತ್ತು ಮೀಟರ್. ಏಳನೇ ನಂಬರ್ ಐರನ್‌ನಲ್ಲಿ ಆಕೆ ಪೂರ್ತಿ ಬೀಸಿದರೆ ಚೆಂಡು ಗೋಡೆ ದಾಟಿ ರಸ್ತೆಗೆ ಹೋಗುತ್ತದೆ. ಆಟೋ, ಬೈಕು ಓಡಾಡುವ ರಸ್ತೆ. ಹಾಗಾಗಿ ಅರ್ಧ ಬೀಸು, ಅರ್ಧ ಬೀಸು ಅಂತ ದಿನಾ ನಾನೇ ಆಕೆಯನ್ನು ತಡೆಯುತ್ತೇನೆ. ಹೋದ ತಿಂಗಳು ಆಕೆ ಕೇಳಿದಳು, "ಸರ್, ಪೂರಾ ಹೊಡಿಯೋದು ಯಾವಾಗ್ರಿ?"

ಆ ಪ್ರಶ್ನೆಯನ್ನು ಈ ಪತ್ರದ ಮೂಲಕ ನಿಮಗೆ ದಾಟಿಸುತ್ತಿದ್ದೇನೆ.

ನೀವಿಬ್ಬರೂ ಒಂದು ದಿನ ನಮ್ಮ ಶಾಲೆಗೆ ಬನ್ನಿ ಅಂತ ಕೇಳಿಕೊಳ್ಳುತ್ತೇನೆ. ನಿಮ್ಮ ಕಚೇರಿಗಳಿಗೆ ಕೊಟ್ಟ ಅರ್ಜಿಯಲ್ಲಿ ಶಾಲೆಯ ವಿಳಾಸ ಇದೆ, ನಾನು ನೋಡಿ ಬಂದ ಎರಡು ಸರ್ಕಾರಿ ಮಡ್ಡಿಗಳ ಕೈನಕ್ಷೆಯೂ ಇದೆ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಕ್ಕಳು ಬಂದಿರುತ್ತಾರೆ. ಸ್ಟಿಕ್ ಅವರೇ ಕೊಡುತ್ತಾರೆ. ಮೂರು ಹೋಲ್ ಆಡಲು ಅರ್ಧ ತಾಸೂ ಬೇಡ. ಮುಗಿದ ಮೇಲೆ ಅಲ್ಲಿಂದಲೇ ಮಡ್ಡಿ ನೋಡಿ ಬರೋಣ. ಆ ಹುಡುಗಿಯನ್ನೂ ಕರೆದುಕೊಂಡು ಹೋಗೋಣ. ಅಲ್ಲಿ ಮುಂದೆ ಗೋಡೆ ಇಲ್ಲ, ರಸ್ತೆ ಇಲ್ಲ. ನಿಮ್ಮ ಮುಂದೆಯೇ ಆಕೆ ಒಂದು ಸಲ ಪೂರ್ತಿ ಬೀಸಲಿ.

ಇಂತಿ ತಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ಪಿ.ಟಿ. ಮಾಸ್ತರ